ಹೆಡ್ಡಿನೊಳಗಿನ ಗಾಳಿದಾರಿ

ಮೋಟಾರು ಗಾಡಿಯು ಪೆಟ್ರೋಲಿನಿಂದ ಓಡುತ್ತದೆಂದು ಹೇಳುವುದು ರೂಢಿ. ಅದು ಅರ್ಧ ಸತ್ಯವೂ ಅಲ್ಲ. ಒಂದು ಲೀಟರು ಪೆಟ್ರೋಲು ಚೆನ್ನಾಗಿ ಉರಿಯಬೇಕಾದರೆ ಅದಕ್ಕೆ ಸುಮಾರು 9,000 ಲೀಟರು ಗಾಳಿ ಬೇಕು. ಪೆಟ್ರೋಲಿಗೆ ದುಡ್ಡು ತೆರುವ ಮಾಲೀಕನು ಗಾಳಿಗೆ ಏನನ್ನೂ ತೆರುವುದಿಲ್ಲವಾದುದರಿಂದ ಅದರ ಲೆಕ್ಕವನ್ನು ಇಡುವುದಿಲ್ಲ. ಎಂಜಿನ್ನು ಮಾತ್ರ ಆ ಲೆಕ್ಕವನ್ನು ತಪ್ಪದೆ ಇಡುತ್ತದೆ. ಎಷ್ಟು ಗಾಳಿ ಒಳಗೆ ಬಂದಿತೋ ಅಷ್ಟೇ ಪೆಟ್ರೋಲನ್ನು ಅದು ಉರಿಸಬಲ್ಲದು. ಎಷ್ಟನ್ನು ಉರಿಸಿತೋ ಅಷ್ಟೇ ಶಕ್ತಿಯನ್ನು ಅದು ಕೊಡಬಲ್ಲದು. ಆದುದರಿಂದ ಯಂತ್ರದ ಬಲವನ್ನು ಹೆಚ್ಚಿಸಬೇಕೆನ್ನುವವನು ಮೊದಲು ನೋಡಬೇಕಾದುದು ಅದರ ಹೊಟ್ಟೆಯನ್ನಲ್ಲ, ಉಸಿರನ್ನು.

ಪಿಸ್ಟನ್ನು ಕೆಳಗಿಳಿಯುವಾಗ ಗಾಳಿಯನ್ನು ಎಳೆದುಕೊಳ್ಳುತ್ತದೆ ಎನ್ನುವುದು ಮಾತಿನ ಸೌಕರ್ಯ. ವಾಸ್ತವವಾಗಿ ಪಿಸ್ಟನ್ನು ಮಾಡುವುದು ಜಾಗವನ್ನು ತೆರವು ಮಾಡುವ ಕೆಲಸ ಮಾತ್ರ. ಆ ತೆರವಿಗೆ ಗಾಳಿಯನ್ನು ನೂಕುವುದು ನಮ್ಮ ತಲೆಯ ಮೇಲಿನ ವಾಯುಮಂಡಲ. ಅದರ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮು; ಅದಕ್ಕಿಂತ ಹೆಚ್ಚಿನ ಸಹಾಯ ಸಾಮಾನ್ಯ ಎಂಜಿನ್ನಿಗೆ ದೊರೆಯುವುದಿಲ್ಲ. ಕಮ್ಮಾರನ ತಿದಿಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ತಿದಿಯ ಬಾಯಿ ಸಣ್ಣದಾಗಿದ್ದರೆ ಎಷ್ಟು ಬಲವಾಗಿ ಎತ್ತಿದರೂ ಅದು ತುಂಬುವುದು ನಿಧಾನವೇ. ಆದರೆ ಕಮ್ಮಾರನಿಗೆ ಸಾವಕಾಶವುಂಟು, ಎಂಜಿನ್ನಿಗೆ ಇಲ್ಲ. ನಿಮಿಷಕ್ಕೆ 6,000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪ್ರತಿಯೊಂದು ಸಿಲಿಂಡರೂ ಸೆಕೆಂಡಿಗೆ 50 ಸಲ ಉಸಿರೆಳೆಯಬೇಕು. ಒಂದೊಂದು ಉಸಿರಿಗೂ ಒಳಬಾಗಿಲು ತೆರೆದಿರುವ ಕಾಲ ಸುಮಾರಾಗಿ ಸೆಕೆಂಡಿನ 150ನೆಯ ಒಂದು ಪಾಲು. ರೆಪ್ಪೆ ಬಡಿಯುವುದು ಇದಕ್ಕಿಂತ ಎಷ್ಟೋ ಪಾಲು ನಿಧಾನದ ಕೆಲಸ.

ಈ ಅಲ್ಪಕಾಲದಲ್ಲಿ ಗಾಳಿಯು ಹಾದುಬರಬೇಕಾದ ಓಣಿಯೇ ಪೋರ್ಟು. ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕುಳಿತಿರುವ ಎರಕದ ಗಟ್ಟಿಗೆ ನಮ್ಮ ಮೆಕ್ಯಾನಿಕ್ಕುಗಳು ಹೆಡ್ಡು ಎನ್ನುತ್ತಾರೆ. ಅದರೊಳಗೆ ಒಳಬರುವ ಗಾಳಿಗೂ ಹೊರಹೋಗುವ ಹೊಗೆಗೂ ಬೇರೆ ಬೇರೆ ಓಣಿಗಳಿದ್ದು, ಪ್ರತಿಯೊಂದರ ಕೊನೆಗೂ ಒಂದೊಂದು ವಾಲ್ವು ಬಾಗಿಲಾಗಿ ನಿಂತಿರುತ್ತದೆ. ಓಣಿ ನೇರವಾದುದಲ್ಲ. ಪಕ್ಕದಿಂದ ಹೊರಟು, ತಟ್ಟನೆ ಕೆಳಕ್ಕೆ ಬಾಗಿ, ವಾಲ್ವಿನ ಕಾಂಡವನ್ನು ಬಳಸಿ, ಅದರ ತಲೆಯ ಸುತ್ತಲಿನ ಕಿರಿದಾದ ಸಂದಿಯಿಂದ ಗಾಳಿಯು ಸಿಲಿಂಡರಿಗೆ ಬೀಳಬೇಕು.

ಕಾರ್ಖಾನೆಯಿಂದ ಬಂದ ಹೆಡ್ಡನ್ನು ಬಿಚ್ಚಿ ಈ ಓಣಿಯೊಳಗೆ ಬೆರಳಿಟ್ಟು ನೋಡಿದವನಿಗೆ ಆಶ್ಚರ್ಯವಾಗದಿರದು. ಹೊರಗೆ ಬಣ್ಣ ಬಳಿದು ಅಂದವಾಗಿರುವ ಯಂತ್ರದ ಒಳಗೆ ಎರಕದ ಮರಳಿನ ಗುರುತುಗಳು, ಗಂಟುಗಳು, ಅಚ್ಚಿನ ಎರಡು ಭಾಗಗಳು ಕೂಡಿದ ಕಡೆ ಎದ್ದುನಿಂತ ಏಣುಗಳು. ವಾಲ್ವಿನ ಪೀಠವನ್ನು ಕೊರೆಯುವ ಯಂತ್ರವು ತನ್ನ ಪಾಲಿನ ಕೆಲಸವನ್ನು ಮುಗಿಸಿ ನಿಂತ ಜಾಗದಲ್ಲಿ ಒಂದು ಚೂಪಾದ ಮೆಟ್ಟಿಲು. ಕಾರ್ಬ್ಯುರೇಟರಿನಿಂದ ಬರುವ ಕೊಳವೆಯ ಬಾಯಿಗೂ ಹೆಡ್ಡಿನ ಬಾಯಿಗೂ ಎರಡು ಮೂರು ಮಿಲಿಮೀಟರಿನ ಎಡವಟ್ಟು. ಇದಕ್ಕೆ ಕಾರ್ಖಾನೆಯವರನ್ನು ದೂರಿ ಪ್ರಯೋಜನವಿಲ್ಲ. ದಿನಕ್ಕೆ ನೂರಾರು ಹೆಡ್ಡುಗಳನ್ನು ಎರಕಹೊಯ್ಯುವವರು ಒಂದೊಂದರ ಒಳಗೂ ಕೈಹಾಕಿ ಉಜ್ಜುತ್ತ ಕುಳಿತರೆ ಗಾಡಿಯ ಬೆಲೆ ಕೊಳ್ಳುವವನ ಕೈಗೆ ಎಟುಕುವುದಿಲ್ಲ. ಅವರು ಬಿಟ್ಟ ಕೆಲಸವನ್ನು ಮಾಲೀಕನು ತಾನೇ ಮನೆಯಲ್ಲಿ ಕುಳಿತು ಪೂರೈಸುವುದಕ್ಕೆ ಪೋರ್ಟಿಂಗ್ ಎಂದು ಹೆಸರು. ಬೇಕಾದುದು ಬಿಡಿಭಾಗವಲ್ಲ, ಬಿಡುವು.

ಈ ವಿದ್ಯೆಗೆ ಶಾಸ್ತ್ರದ ಸ್ವರೂಪವನ್ನು ಕೊಟ್ಟವರಲ್ಲಿ ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್ ಮುಖ್ಯನಾದವನು. 1897ರಲ್ಲಿ ಎಕ್ಸೆಟರಿನಲ್ಲಿ ಹುಟ್ಟಿದ ಈತನು ಎಂಜಿನ್ನಿನ ಓಣಿಗಳ ಮೂಲಕ ಗಾಳಿಯನ್ನು ಹಾಯಿಸಿ, ಎಷ್ಟು ಹಾಯಿತೆಂದು ಅಳೆದು, ಓಣಿಯ ಆಕಾರವನ್ನು ತಿದ್ದಿ, ಮತ್ತೆ ಅಳೆಯುವ ಕ್ರಮವನ್ನು ರೂಢಿಸಿಕೊಂಡನು. ಎಂಜಿನ್ನನ್ನು ಓಡಿಸದೆಯೇ ಅದರ ಉಸಿರಾಟವನ್ನು ಮೇಜಿನ ಮೇಲೆ ಪರೀಕ್ಷಿಸಬಹುದೆಂಬುದು ಅಂದಿಗೆ ದೊಡ್ಡ ಮಾತಾಗಿತ್ತು. ಬೆಂಟ್ಲಿ ಗಾಡಿಗಳ ಹೆಡ್ಡುಗಳನ್ನು ತಿದ್ದಿ ಹೆಸರು ಪಡೆದ ಮೇಲೆ, ಮುಂದೆ ಜಾಗ್ವಾರ್ ಎಂದು ಪ್ರಖ್ಯಾತವಾದ ಸಂಸ್ಥೆಯ ವಿಲಿಯಂ ಲಯನ್ಸನು ಅವನನ್ನು ಕರೆಸಿಕೊಂಡನು. ಅವನ ಕೈಯಲ್ಲಿದ್ದ ಸಾಮಾನ್ಯ ಎಂಜಿನ್ನಿನಿಂದ 95 ಅಶ್ವಶಕ್ತಿಯನ್ನು ತೆಗೆಯಲಾದೀತೇ ಎಂಬುದು ಲಯನ್ಸನ ಪ್ರಶ್ನೆ. ವೆಸ್ಲೇಕನ ಹೊಸ ಹೆಡ್ಡು ಕೊಟ್ಟುದು 105. ಆ ಗಾಡಿ 1935ರಲ್ಲಿ ಹೊರಬಂದಿತು. ಗಾಳಿಯ ಹರಿವನ್ನು ನಂಬಿದವನು ಕೇಳಿದುದಕ್ಕಿಂತ ಹೆಚ್ಚನ್ನು ಕೊಟ್ಟಾನೆಂಬ ಖ್ಯಾತಿ ಅಲ್ಲಿಂದ ಅವನ ಬೆನ್ನು ಹತ್ತಿತು.

ಕನ್ನಡ ನಾಡಿನ ವಾಚಕರಿಗೆ ವೆಸ್ಲೇಕನ ಹೆಸರು ಹೊಸದಾದರೂ ಅವನ ಕೈಕೆಲಸ ಹೊಸದಲ್ಲ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನವರ ಬಿ-ಸೀರೀಸ್ ಎಂಜಿನ್ನಿನ ಹೆಡ್ಡಿನಲ್ಲಿ ಬೆಂಕಿ ಹೊತ್ತುವ ಕುಳಿಯು ಹೃದಯದ ಆಕಾರದಲ್ಲಿರುತ್ತದೆ. ಆ ಆಕಾರ ವೆಸ್ಲೇಕನದು. ಅದೇ ವಂಶದ 1,489 ಘನ ಸೆಂಟಿಮೀಟರಿನ ಎಂಜಿನ್ನು 1959ರಿಂದ ಹಿಂದೂಸ್ತಾನ್ ಅಂಬಾಸಡರ್ ಗಾಡಿಗೆ ಬಂದಿತು. ಇಂಗ್ಲೆಂಡಿನಲ್ಲಿ ಎಂ. ಜಿ. ಎಂಬ ಶೋಕಿಯ ಗಾಡಿಯನ್ನು ಓಡಿಸುತ್ತಿದ್ದ ವಂಶವೇ ಇಲ್ಲಿ ಮದುವೆಯ ದಿಬ್ಬಣವನ್ನೂ ಡೆಪ್ಯುಟಿ ಕಮೀಷನರರನ್ನೂ ಹೊತ್ತು ತಿರುಗಿತು. 2014ರಲ್ಲಿ ಅಂಬಾಸಡರ್ ತಯಾರಿಕೆ ನಿಂತುಹೋಯಿತು. ಈ ಹೆಡ್ಡಿನಲ್ಲಿ ಒಂದು ವಿಚಿತ್ರವುಂಟು: ನಾಲ್ಕು ಸಿಲಿಂಡರುಗಳಿಗೆ ಗಾಳಿಯ ಒಳಬಾಗಿಲುಗಳು ಎರಡೇ. ಎರಡೆರಡು ಸಿಲಿಂಡರುಗಳು ಒಂದೊಂದು ಓಣಿಯನ್ನು ಹಂಚಿಕೊಳ್ಳಬೇಕು. ಈ ಹಂಚಿಕೆಯ ಜಗಳವನ್ನು ಮುಂದೆ ನೋಡೋಣ.

ಮನೆಯಲ್ಲಿ ಈ ಕೆಲಸಕ್ಕೆ ಕೈಹಾಕುವವರು ಸಾಮಾನ್ಯವಾಗಿ ಎರಡು ಭ್ರಮೆಗಳೊಡನೆ ಆರಂಭಿಸುತ್ತಾರೆ. ಓಣಿ ದೊಡ್ಡದಾದಷ್ಟೂ ಒಳ್ಳೆಯದೆಂಬುದು ಮೊದಲನೆಯದು. ಕಾಲುವೆಯನ್ನು ಬಲ್ಲ ರೈತನನ್ನು ಕೇಳಿದರೆ ಇದರ ತಪ್ಪು ತಿಳಿದುಬಿಡುತ್ತದೆ. ಅದೇ ನೀರಿಗೆ ಕಾಲುವೆಯನ್ನು ಅಗಲ ಮಾಡಿದರೆ ಹರಿವಿನ ವೇಗ ಕುಗ್ಗಿ ಹೂಳು ತುಂಬುತ್ತದೆ. ಗಾಳಿಗೂ ಅದೇ ನ್ಯಾಯ. ವೇಗವಾಗಿ ಬರುವ ಗಾಳಿಗೆ ಒಂದು ರಭಸವಿದ್ದು, ಪಿಸ್ಟನ್ನು ತಳ ಮುಟ್ಟಿ ಮೇಲಕ್ಕೆ ತಿರುಗಿದ ಮೇಲೂ ಅದು ಸ್ವಲ್ಪ ಹೊತ್ತು ಒಳನುಗ್ಗುತ್ತಲೇ ಇರುತ್ತದೆ. ಓಣಿಯನ್ನು ಮಿತಿಮೀರಿ ಅಗಲಿಸಿದರೆ ಆ ರಭಸ ಸತ್ತುಹೋಗಿ, ಗಾಡಿಯು ಪಂದ್ಯದ ವೇಗದಲ್ಲಿ ಚೆನ್ನಾಗಿ ಓಡಿದರೂ ಘಟ್ಟದ ತಿರುವಿನಲ್ಲಿ ಏದುಸಿರು ಬಿಡುತ್ತದೆ. ಒಳಗೋಡೆಯನ್ನು ಕನ್ನಡಿಯಂತೆ ಹೊಳೆಯಿಸಬೇಕೆಂಬುದು ಎರಡನೆಯ ಭ್ರಮೆ. ಹೊಗೆ ಹೋಗುವ ದಾರಿಯನ್ನು ಹೊಳೆಯಿಸುವುದು ಸರಿಯೇ. ಮಸಿ ಬೇಗ ಹತ್ತುವುದಿಲ್ಲ. ಗಾಳಿ ಬರುವ ದಾರಿ ಹಾಗಲ್ಲ. ಅಲ್ಲಿ ಪೆಟ್ರೋಲಿನ ಹನಿಗಳೂ ಗಾಳಿಯೊಡನೆ ಬರುತ್ತಿರುತ್ತವೆ. ಹೊಳೆಯುವ ಗೋಡೆಗೆ ಅವು ಮೆತ್ತಿಕೊಂಡು ಧಾರೆಯಾಗಿ ಇಳಿಯುತ್ತವೆ. ಕೊಂಚ ಒರಟಾದ ಗೋಡೆ ಅವನ್ನು ಗಾಳಿಯಲ್ಲೇ ತೇಲಿಸುತ್ತದೆ. ಆದುದರಿಂದ ಉಪ್ಪುಕಾಗದದ ಗೀಟು ಕಾಣುವಂತೆ ಬಿಡುವುದೇ ಲೇಸು. ಅರ್ಧ ದಿನದ ಬೆವರು ಇದರಿಂದ ಉಳಿಯುತ್ತದೆಂಬುದನ್ನೂ ಗಮನಿಸಬೇಕು.

ಹಾಗಾದರೆ ಎಲ್ಲಿ ಕೊರೆಯಬೇಕು? ಲಾಭದ ಬಹುಭಾಗವು ಓಣಿಯ ಕೊನೆಯ ಒಂದೆರಡು ಅಂಗುಲದಲ್ಲಿಯೇ ಅಡಗಿದೆ: ವಾಲ್ವಿನ ಪೀಠ, ಅದರ ಕೆಳಗಿನ ಕೊರಳು, ಕೊರಳಿನ ಒಳತಿರುವು. ಪೀಠವು ವಾಲ್ವಿಗೆ 45 ಅಂಶದ ಕೋನದಲ್ಲಿ ಒತ್ತಿ ಕೂಡುತ್ತದೆ. ಅದರ ಮೇಲೊಂದು 30 ಅಂಶದ, ಕೆಳಗೊಂದು 60 ಅಂಶದ ಇಳಿಜಾರನ್ನು ಕೊಟ್ಟರೆ ಚೂಪಾದ ಮೆಟ್ಟಿಲು ಹೋಗಿ ಸಣ್ಣ ಬಾಗು ಬರುತ್ತದೆ. ಗಾಳಿಗೆ ಮೂಲೆಗಳೆಂದರೆ ಆಗದು. ಮೂಲೆಯನ್ನು ಕಂಡಲ್ಲಿ ಅದು ಗೋಡೆಯನ್ನು ಬಿಟ್ಟು ಸುಳಿಯಾಗಿ ತಿರುಗುತ್ತದೆ, ಸುಳಿಯು ದಾರಿಗೆ ಅಡ್ಡ ನಿಲ್ಲುತ್ತದೆ. ಓಣಿ ಕೆಳಕ್ಕೆ ಬಾಗುವೆಡೆಯಲ್ಲಿ ಒಳಮಗ್ಗುಲಿನ ತಿರುವಂತೂ ಅತಿ ಸೂಕ್ಷ್ಮವಾದ ಜಾಗ. ಅದನ್ನು ಮೆಲ್ಲಗೆ ಗುಂಡಗೆ ಮಾಡಬೇಕೇ ಹೊರತು ಕೆರೆದು ತಗ್ಗಿಸಬಾರದು. ಅನುಭವವಿಲ್ಲದವನು ಕೈಗೆ ಸುಲಭವಾಗಿ ಸಿಕ್ಕುವ ಆ ಜಾಗವನ್ನೇ ಮೊದಲು ಕೆಡಿಸುತ್ತಾನೆ. ಕಠಿಣವಾಗಿ ಸಿಕ್ಕುವ, ವಾಲ್ವಿನ ಕಾಂಡವನ್ನು ಹಿಡಿದಿರುವ ಗಂಟನ್ನು ಬಿಟ್ಟುಬಿಡುತ್ತಾನೆ. ತೆಳ್ಳಗಾಗಿಸಬೇಕಾದುದು ಆ ಗಂಟು.

ಬೇಲೂರಿನ ಶಿಲ್ಪಿಯ ಕಷ್ಟವನ್ನು ಎಲ್ಲರೂ ಹೊಗಳುತ್ತಾರೆ. ತೆಗೆದ ಕಲ್ಲನ್ನು ಮತ್ತೆ ಅಂಟಿಸಲಾಗದೆಂಬುದು ಅವನಿಗಿದ್ದ ಭಯ. ಪೋರ್ಟಿಂಗ್ ಮಾಡುವವನಿಗೆ ಆ ಭಯದೊಡನೆ ಇನ್ನೆರಡು ಸೇರಿವೆ. ಶಿಲ್ಪಿಗೆ ಉಳಿಯ ತುದಿ ಕಾಣುತ್ತಿತ್ತು. ಇವನು ಕತ್ತಲೆಯ ಬಿಲದೊಳಗೆ ಬೆರಳಿನ ತುದಿಯಿಂದಲೇ ನೋಡಬೇಕು. ಶಿಲ್ಪಿಯ ಕಲ್ಲಿನ ಹಿಂದೆ ಕಲ್ಲೇ ಇತ್ತು. ಇವನ ಲೋಹದ ಗೋಡೆಯ ಹಿಂದೆ ನೀರು. ಹೆಡ್ಡನ್ನು ತಂಪಾಗಿಡಲು ಓಣಿಗಳ ಸುತ್ತ ನೀರಿನ ಪೊಟರೆಗಳಿರುತ್ತವೆ. ನಡುವಿನ ಗೋಡೆ ಕೆಲವೇ ಮಿಲಿಮೀಟರು ದಪ್ಪ. ಎರಕ ಹೊಯ್ಯುವಾಗ ಅಚ್ಚು ಕೊಂಚ ಸರಿದಿದ್ದರೆ ಒಂದು ಮಗ್ಗುಲಿನಲ್ಲಿ ಇನ್ನೂ ತೆಳು. ಅರ್ಧ ನಿಮಿಷದ ಅಜಾಗರೂಕತೆಯಿಂದ ಗೋಡೆ ತೂತಾದರೆ ವಾರದ ಶ್ರಮವೂ ಹೆಡ್ಡೂ ಒಟ್ಟಿಗೆ ಹೋದಂತೆಯೇ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯಲ್ಲಿ ಕುಂಬಾರ ಬೇರೆ, ದೊಣ್ಣೆಯವನು ಬೇರೆ. ಇಲ್ಲಿ ಇಬ್ಬರೂ ಒಬ್ಬನೇ. ಹಣವಂತನಾದರೆ ಇನ್ನೊಂದು ಹೆಡ್ಡನ್ನು ತರಿಸಿಯಾನು. ಇರುವ ಒಂದೇ ಗಾಡಿಯಲ್ಲಿ ಸೋಮವಾರ ಕೆಲಸಕ್ಕೆ ಹೋಗಬೇಕಾದವನ ಪಾಡು ಬೇರೆ.

ಈ ಅಪಾಯಕ್ಕೆ ಬಡವನ ಉಪಾಯವೂ ಒಂದುಂಟು, ಅದು ಬಹಳ ಜಾಣತನದ್ದು. ಗುಜರಿಯಲ್ಲಿ ಅದೇ ಜಾತಿಯ ಬಿರುಕುಬಿಟ್ಟ ಹೆಡ್ಡೊಂದನ್ನು ಕಬ್ಬಿಣದ ತೂಕದ ಬೆಲೆಗೆ ಕೊಂಡು, ಗರಗಸದಿಂದ ಅಡ್ಡಡ್ಡಲಾಗಿ ಕೊಯ್ದು ನೋಡುವುದು. ಎಲ್ಲಿ ಲೋಹ ದಪ್ಪ, ಎಲ್ಲಿ ನೀರು ಹತ್ತಿರ ಎಂಬುದು ಕಣ್ಣಿಗೆ ಕಾಣುತ್ತದೆ. ವೈದ್ಯಕೀಯ ವಿದ್ಯಾರ್ಥಿಗೆ ಶವಚ್ಛೇದನವಿದ್ದಂತೆ ಇದು. ಉಳಿದ ತುಂಡುಗಳ ಮೇಲೆ ಕೈಯನ್ನು ಪಳಗಿಸಿಕೊಳ್ಳಲೂ ಆಗುತ್ತದೆ.

ಉಪಕರಣಗಳ ಖರ್ಚು ದೊಡ್ಡದಲ್ಲ. ಕಾರ್ಖಾನೆಯವರು ಗಾಳಿಯಿಂದ ತಿರುಗುವ ಗ್ರೈಂಡರುಗಳನ್ನು ಬಳಸಿದರೆ ಮನೆಯವನು ಸಾಮಾನ್ಯ ವಿದ್ಯುತ್ ಡ್ರಿಲ್ಲಿನಿಂದಲೇ ಸುಧಾರಿಸಬಹುದು. ಗಟ್ಟಿ ಲೋಹದ ಒಂದೆರಡು ತಿರುಗು ಅರಗಳು ಮಾತ್ರ ಒಳ್ಳೆಯವಿರಬೇಕು; ಅಗ್ಗದವು ಎರಕದ ಕಬ್ಬಿಣದ ಮುಂದೆ ಬೇಗ ಸೋಲುತ್ತವೆ. ಉಜ್ಜುವ ಸಾಧನವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು: ಗೇಣುದ್ದದ ಉಕ್ಕಿನ ಸರಳಿನ ತುದಿಯನ್ನು ಗರಗಸದಿಂದ ಸೀಳಿ, ಸೀಳಿಗೆ ಎಮರಿ ಬಟ್ಟೆಯ ಪಟ್ಟಿಯನ್ನು ಸಿಕ್ಕಿಸಿ ಸುತ್ತಿ, ಡ್ರಿಲ್ಲಿಗೆ ಕಚ್ಚಿಸಿದರೆ ಮುಗಿಯಿತು. ಅಲ್ಯೂಮಿನಿಯಮ್ ಹೆಡ್ಡಾದರೆ ಅರದ ಹಲ್ಲುಗಳಿಗೆ ಲೋಹ ಮೆತ್ತಿಕೊಳ್ಳುವುದರಿಂದ ಆಗಾಗ ಮೇಣದ ಬತ್ತಿಯನ್ನು ತಾಗಿಸುತ್ತಿರಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇಲ್ಲದೆ ಯಾರೂ ಇದನ್ನು ಮಾಡತಕ್ಕದ್ದಲ್ಲ. ಕಬ್ಬಿಣದ ಹುಡಿ ಪುಪ್ಪುಸಕ್ಕೆ ಹೋದರೆ ಯಾವ ಅಶ್ವಶಕ್ತಿಯೂ ಅದನ್ನು ಹೊರಗೆ ತರಲಾರದು.

ಮೊದಲ ಕೆಲಸ ಅಳತೆ. ಹೆಡ್ಡಿನ ಮುಖಕ್ಕೆ ನೀಲಿ ಬಣ್ಣವನ್ನು ಬಳಿದು, ಹೊಸ ಗ್ಯಾಸ್ಕೆಟ್ಟನ್ನು ಮೇಲಿಟ್ಟು, ಅದರ ಕಂಡಿಯ ಅಂಚನ್ನು ಮೊಳೆಯಿಂದ ಗೀಚಿಕೊಳ್ಳಬೇಕು. ಕೊಳವೆಯ ಮುಖಕ್ಕೂ ಹಾಗೆಯೇ. ಎರಡು ಗೀಟುಗಳೂ ಒಂದಾಗುವಂತೆ ಬಾಯಿಯನ್ನು ತಿದ್ದುವುದು ಎಲ್ಲರೂ ಮಾಡಬಲ್ಲ ಕೆಲಸ. ಆದರೆ ಗಾಳಿ ನಿಜವಾಗಿ ಹೆಚ್ಚು ಹರಿಯಿತೇ? ಕಣ್ಣಿಗೆ ಅಂದವಾಗಿ ಕಂಡ ಓಣಿಯಲ್ಲಿ ಗಾಳಿ ಕಡಿಮೆಯಾದ ನಿದರ್ಶನಗಳು ಬೇಕಾದಷ್ಟಿವೆ. ಇದನ್ನು ಅಳೆಯುವ ಯಂತ್ರಗಳು ದುಬಾರಿಯಾದುದರಿಂದ ಹವ್ಯಾಸಿಗಳು ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರಿಗೆ ಶರಣುಹೋಗಿದ್ದಾರೆ. ಸಿಲಿಂಡರಿನಷ್ಟೇ ಅಗಲದ ಕೊಳವೆಯ ಮೇಲೆ ಹೆಡ್ಡನ್ನು ಕೂರಿಸಿ, ಕೆಳಗಿನಿಂದ ಕ್ಲೀನರು ಗಾಳಿಯನ್ನು ಎಳೆಯುವಂತೆ ಮಾಡಿ, ಪಕ್ಕದಲ್ಲಿ ಬಾಗಿದ ಪಾರದರ್ಶಕ ನಳಿಕೆಯಲ್ಲಿ ಬಣ್ಣದ ನೀರನ್ನು ತುಂಬಿಟ್ಟರೆ ಸಾಕು. ವಾಲ್ವನ್ನು ತಿರುಪಿನಿಂದ ಒಂದೊಂದೇ ಮಿಲಿಮೀಟರು ತೆರೆಯುತ್ತ ನೀರಿನ ಏರಿಕೆಯನ್ನು ಬರೆದುಕೊಳ್ಳಬೇಕು. ಓಣಿ ಸುಧಾರಿಸಿದಷ್ಟೂ ಒಳಗಿನ ಎಳೆತ ಕುಗ್ಗಿ ನೀರು ಕಡಿಮೆ ಏರುತ್ತದೆ. ನಮ್ಮ ಊರುಗಳ ವಿದ್ಯುತ್ತು ಬೆಳಿಗ್ಗೆ ಒಂದು ತೆರನಾಗಿ ಸಂಜೆ ಒಂದು ತೆರನಾಗಿ ಇರುವುದರಿಂದ ಒಂದು ಓಣಿಯನ್ನು ಮುಟ್ಟದೆ ಹಾಗೆಯೇ ಬಿಟ್ಟು, ಪ್ರತಿ ಸಲವೂ ಅದರೊಡನೆ ಹೋಲಿಸುವುದು ಕ್ಷೇಮ. ಎಲ್ಲಿಯಾದರೂ ಗೋಡೆಯನ್ನು ತುಂಬಿದರೆ ಮೇಲೆಂದು ತೋರಿದರೆ ಮೊದಲು ಜೇಡಿಮಣ್ಣನ್ನು ಮೆತ್ತಿ ನೋಡಬಹುದು. ಮಣ್ಣನ್ನು ತೆಗೆಯಬಹುದು, ಹಾಕಬಹುದು. ಡೇವಿಡ್ ವಿಝಾರ್ಡ್ ಎಂಬ ಲೇಖಕನು ಸಾಮಾನ್ಯರಿಗಾಗಿ ಬರೆದ ಪುಸ್ತಕಗಳಿಂದ ಅಳೆಯುವ ಈ ಅಭ್ಯಾಸ ಮನೆಮನೆಯ ಗ್ಯಾರೇಜುಗಳಿಗೂ ಹಬ್ಬಿತು.

ಬೆಂಕಿಯ ಕುಳಿಯನ್ನು ತಿದ್ದುವಾಗ ಇನ್ನೊಂದು ಲೆಕ್ಕವಿದೆ. ಕುಳಿ ದೊಡ್ಡದಾದರೆ ಒತ್ತಡದ ಪ್ರಮಾಣ ಇಳಿಯುತ್ತದೆ. 1,489 ಘನ ಸೆಂಟಿಮೀಟರಿನ ಎಂಜಿನ್ನಿನಲ್ಲಿ ಸಿಲಿಂಡರೊಂದಕ್ಕೆ 372 ಬರುತ್ತದೆ. ಒತ್ತಡದ ಪ್ರಮಾಣ 8 ಇರಬೇಕಾದರೆ ಮೇಲಿನ ಜಾಗ ಸುಮಾರು 53 ಘನ ಸೆಂಟಿಮೀಟರು ಇರಬೇಕು. ಉಜ್ಜುವ ಭರದಲ್ಲಿ ಕುಳಿಯಿಂದ ಮೂರೇ ಘನ ಸೆಂಟಿಮೀಟರು ಲೋಹ ಹೋದರೆ ಪ್ರಮಾಣ 7.6ಕ್ಕೆ ಇಳಿಯುತ್ತದೆ. ಗಾಳಿಯಿಂದ ಗಳಿಸಿದ್ದನ್ನು ಒತ್ತಡದಲ್ಲಿ ಕಳೆದುಕೊಂಡಂತಾಯಿತು. ಅದಕ್ಕಾಗಿ ಹೆಡ್ಡನ್ನು ಅಂಗಾತ ಮಲಗಿಸಿ, ವಾಲ್ವು ಮತ್ತು ಸ್ಪಾರ್ಕ್ ಪ್ಲಗ್ಗುಗಳನ್ನು ಕೂರಿಸಿ, ಮೇಲೆ ತೂತುಳ್ಳ ಪಾರದರ್ಶಕ ಹಲಗೆಯನ್ನು ಗ್ರೀಸಿನಿಂದ ಅಂಟಿಸಿ, ರಸಾಯನಶಾಲೆಯ ಬ್ಯೂರೆಟ್ಟಿನಿಂದ ಸೀಮೆಎಣ್ಣೆಯನ್ನು ಇಳಿಸಿ ಕುಳಿಯ ಅಳತೆಯನ್ನು ಹಿಡಿಯಬೇಕು. ನಾಲ್ಕು ಕುಳಿಗಳೂ ಸಮನಾಗಿರಬೇಕು. ಅತ್ಯಂತ ದೊಡ್ಡದಾದ ಕುಳಿಗೆ ಉಳಿದ ಮೂರನ್ನು ಸರಿಗಟ್ಟುವುದೇ ದಾರಿ. ದೊಡ್ಡದನ್ನು ಚಿಕ್ಕದು ಮಾಡುವ ಅರ ಇನ್ನೂ ಹುಟ್ಟಿಲ್ಲ. ಬೇಕಾದರೆ ಕೊನೆಗೆ ಹೆಡ್ಡಿನ ಮುಖವನ್ನು ಲೇತಿನವನ ಹತ್ತಿರ ಸವರಿಸಿ ಒತ್ತಡವನ್ನು ಮರಳಿ ತರಬಹುದು. ಎಲ್ಲ ಮುಗಿದ ಮೇಲೆ ಹೆಡ್ಡನ್ನು ಸೋಪಿನ ನೀರಿನಲ್ಲಿ ಒಂದಲ್ಲ ಮೂರು ಸಲ ತೊಳೆಯಬೇಕು. ಒಳಗೆ ಉಳಿದ ಒಂದು ಚಿಟಿಕೆ ಎಮರಿ ಹುಡಿ ಸಿಲಿಂಡರುಗಳನ್ನು ತಿಂದುಹಾಕಲು ಸಾಕು. ಹೆಚ್ಚು ಗಾಳಿ ಬಂದುದರಿಂದ ಕಾರ್ಬ್ಯುರೇಟರಿನ ಪೆಟ್ರೋಲಿನ ಪ್ರಮಾಣವನ್ನೂ ಪುನಃ ಹೊಂದಿಸಬೇಕಾದೀತು.

ಇನ್ನು ಹಂಚಿಕೆಯ ಜಗಳ. 1811ರಲ್ಲಿ ಸಯಾಮ್ ದೇಶದಲ್ಲಿ ಒಡಲು ಅಂಟಿಕೊಂಡು ಹುಟ್ಟಿದ ಚಾಂಗ್ ಮತ್ತು ಎಂಗ್ ಎಂಬ ಅವಳಿ ಸೋದರರಿಂದಾಗಿ, ಎರಡು ಸಿಲಿಂಡರುಗಳಿಗೆ ಒಂದೇ ಆದ ಓಣಿಗೂ ಯಂತ್ರಜ್ಞರು ಸಯಾಮಿ ಎಂಬ ಹೆಸರನ್ನು ಅಂಟಿಸಿದ್ದಾರೆ. ಇಂಥ ಓಣಿಯುಳ್ಳ ಎಂಜಿನ್ನುಗಳಲ್ಲಿ ಇಂಗ್ಲೆಂಡಿನ ಆಸ್ಟಿನ್ ಸೆವೆನ್ ಒಂದು. 1922ರಿಂದ 1939ರವರೆಗೆ ತಯಾರಾದ ಈ ಪುಟ್ಟ ಗಾಡಿಯ ಎಂಜಿನ್ನು 747 ಘನ ಸೆಂಟಿಮೀಟರಿನದು. ವಾಲ್ವುಗಳು ಪಕ್ಕದಲ್ಲಿದ್ದುದರಿಂದ ಓಣಿಗಳಿದ್ದುದು ಹೆಡ್ಡಿನಲ್ಲಲ್ಲ, ಕೆಳಗಿನ ಬ್ಲಾಕಿನಲ್ಲಿ. ಪ್ರಶ್ನೆ ಮಾತ್ರ ಅದೇ. ಎರಡನೆಯ ಮಹಾಯುದ್ಧದ ಬಳಿಕ ಇಂಗ್ಲೆಂಡಿನಲ್ಲಿ ಹೊಸ ಗಾಡಿ ಸಿಗುತ್ತಿರಲಿಲ್ಲ, 1950ರ ಮೇ ತಿಂಗಳವರೆಗೆ ಪೆಟ್ರೋಲಿಗೂ ಪಡಿತರವಿತ್ತು. ಹಳೆಯ ಆಸ್ಟಿನ್ ಸೆವೆನ್ ಮಾತ್ರ ಅಗ್ಗವಾಗಿ ಎಲ್ಲೆಂದರಲ್ಲಿ ದೊರೆಯುತ್ತಿತ್ತು. ಜೇಬಿನಲ್ಲಿ ಹಣವಿಲ್ಲದವರೂ ಪಂದ್ಯವನ್ನು ಆಡಲೆಂದು 750 ಮೋಟಾರ್ ಕ್ಲಬ್ಬು ಅದೇ ಗಾಡಿಯ ಆಧಾರದ ಮೇಲೆ ಒಂದು ಪಂದ್ಯಕ್ರಮವನ್ನು ಏರ್ಪಡಿಸಿತು.

ಆಗ ರಂಗಕ್ಕೆ ಬಂದವನು ಕಾಲಿನ್ ಚಾಪ್ಮನ್. 1928ರಲ್ಲಿ ಹುಟ್ಟಿದ ಈ ತರುಣನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡಗಳ ಎಂಜಿನಿಯರಿಂಗ್ ಓದಿದವನು. ಓದುವಾಗಲೇ ಹಳೆಯ ಗಾಡಿಗಳನ್ನು ಕೊಂಡು ಮಾರುವ ವ್ಯಾಪಾರ ಮಾಡಿ, ಮಾರಾಟವಾಗದೆ ಉಳಿದ ಆಸ್ಟಿನ್ ಸೆವೆನ್ನಿನಿಂದ ತನ್ನ ಮೊದಲ ಗಾಡಿಯನ್ನು ಕಟ್ಟಿಕೊಂಡನು. ಕಟ್ಟಿದ್ದು ಪ್ರಿಯತಮೆ ಹೇಜಲ್ ವಿಲಿಯಮ್ಸಳ ತಂದೆತಾಯಿಯರ ಮನೆಯ ಹಿಂದಿನ ಗ್ಯಾರೇಜಿನಲ್ಲಿ. 1951ರಲ್ಲಿ ಮೈಕೇಲ್ ಮತ್ತು ನೈಜೆಲ್ ಆಲೆನ್ ಎಂಬ ಸೋದರರ ಜೊತೆಗೂಡಿ ಅವರ ಮನೆಯ ಕಾರ್ಯಾಗಾರದಲ್ಲಿ ಮೂರನೆಯ ಗಾಡಿಗೆ ಕೈಹಾಕಿದಾಗ ಅವನ ದೃಷ್ಟಿ ಈ ಸಯಾಮಿ ಓಣಿಯ ಮೇಲೆ ಬಿದ್ದಿತು.

ಆಸ್ಟಿನ್ನಿನಲ್ಲಿ ಸಿಲಿಂಡರುಗಳು ಉರಿಯುವ ಕ್ರಮ 1, 3, 4, 2. ಒಂದನೆಯದೂ ಎರಡನೆಯದೂ ಒಂದು ಓಣಿಯ ಪಾಲುದಾರರು, ಮೂರನೆಯದೂ ನಾಲ್ಕನೆಯದೂ ಇನ್ನೊಂದರವು. ಉಸಿರೆಳೆಯುವುದೂ ಇದೇ ಕ್ರಮದಲ್ಲಿ. ಅಂದರೆ ಮೂರನೆಯದು ಉಸಿರೆಳೆದು ಇನ್ನೂ ಬಾಗಿಲು ಮುಚ್ಚಿರದಾಗಲೇ ಅದರ ನೆರೆಯ ನಾಲ್ಕನೆಯದು ಬಾಯಿ ತೆರೆಯುತ್ತದೆ. ಒಂದರ ಕೈಯ ತುತ್ತನ್ನು ಇನ್ನೊಂದು ಕಸಿದಂತೆ. ನಾಲ್ಕನೆಯದು ಆರಂಭಿಸಿದ ಮೇಲೆ ಒಂದೂವರೆ ಸುತ್ತು ಕಳೆಯುವವರೆಗೆ ಆ ಓಣಿಯಲ್ಲಿ ಹೊಸದಾಗಿ ಬಾಯಿ ತೆರೆಯುವವರಿಲ್ಲ. ಗಾಳಿಗೆ ಹೀಗೆ ನೂಕುನುಗ್ಗಲು, ಆಮೇಲೆ ಸ್ತಬ್ಧತೆ. ಯಾವ ಸಿಲಿಂಡರಿಗೂ ನ್ಯಾಯವಾದ ಪಾಲು ಸಿಗದು.

ಓಣಿಯನ್ನು ಅಗಲಿಸಿದ್ದರೆ ಜಗಳ ತೀರುತ್ತಿರಲಿಲ್ಲ. ಚಾಪ್ಮನ್ ಮಾಡಿದುದು ಅದಕ್ಕೆ ವಿರುದ್ಧವಾದುದು: ಕಿರಿದಾದ ಓಣಿಯನ್ನು ಇನ್ನೂ ಕಿರಿದು ಮಾಡಿದನು. ಲೋಹದ ತೆಳು ತಗಡೊಂದನ್ನು ಓಣಿಯ ನಡುವೆ ವಾಲ್ವುಗಳ ಸಮೀಪದವರೆಗೆ ಅಡ್ಡಗೋಡೆಯಾಗಿ ಇಳಿಸಿ, ಹೊರಗಿನ ಕೊಳವೆಯನ್ನೂ ಅದಕ್ಕೆ ತಕ್ಕಂತೆ ಸೀಳಿದನು. ಎರಡು ಬಾಗಿಲಿನ ಮನೆ ನಾಲ್ಕು ಬಾಗಿಲಿನದಾಯಿತು. ಇಕ್ಕೊರಳಿನ ಕಾರ್ಬ್ಯುರೇಟರಿನ ಒಂದು ಕೊರಳು ಒಂದು ಮತ್ತು ನಾಲ್ಕನೆಯ ಸಿಲಿಂಡರುಗಳಿಗಾದರೆ ಇನ್ನೊಂದು ಎರಡು ಮತ್ತು ಮೂರಕ್ಕೆ. ಆಗ ಪ್ರತಿ ಕೊರಳಿಗೂ ಸರಿಯಾಗಿ ಒಂದೊಂದು ಸುತ್ತಿಗೆ ಒಂದೊಂದು ಉಸಿರು, ತೊಟ್ಟಿಲು ತೂಗಿದಂತೆ. ಕಿರಿದಾದ ಓಣಿಯಲ್ಲಿ ಗಾಳಿಯ ರಭಸವೂ ಉಳಿಯಿತು. ತಗಡಿನ ತುಂಡಿಗೆ ಬೆಲೆಯೇನು ಮಹಾ!

ಆ ವರ್ಷದ ಪಂದ್ಯಗಳಲ್ಲಿ ಲೋಟಸ್ ಮಾರ್ಕ್ ಮೂರು ಎಂಬ ಆ ಗಾಡಿಯನ್ನು ಹಿಡಿಯುವವರೇ ಇರಲಿಲ್ಲ. ನಿಯಮಾವಳಿಯಲ್ಲಿ ಓಣಿಗೆ ಗೋಡೆ ಹಾಕಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಯಾರಿಗೂ ಅದು ಹೊಳೆದಿರಲಿಲ್ಲವಾದುದರಿಂದ ಬರೆಯುವ ಪ್ರಸಂಗವೂ ಬಂದಿರಲಿಲ್ಲ. ಬಳಿಕ ಕ್ಲಬ್ಬು ಬರೆಯಿತು. ಸಯಾಮಿ ಓಣಿಯನ್ನು ಬೇರ್ಪಡಿಸುವುದು ನಿಷಿದ್ಧವಾಯಿತು. ಇದು ನ್ಯಾಯವೇ ಎಂದು ಕೇಳುವವರುಂಟು. ಹಣದ ಬಲದಿಂದ ಗೆಲ್ಲುವವನನ್ನು ತಡೆಯಲು ಹುಟ್ಟಿದ ಪಂದ್ಯದಲ್ಲಿ ಬುದ್ಧಿಬಲದಿಂದ ಅಗ್ಗವಾಗಿ ಗೆದ್ದವನನ್ನೂ ತಡೆದುದು ಮೇಲುನೋಟಕ್ಕೆ ವಿಪರೀತವಾಗಿಯೇ ಕಾಣುತ್ತದೆ. ಆದರೆ ಕ್ಲಬ್ಬಿನವರ ಕಡೆಯೂ ಒಂದು ಮಾತಿದೆ. ತಗಡು ಅಗ್ಗವಾದರೂ ಅದನ್ನು ಎರಕದ ಓಣಿಯೊಳಗೆ ಬಿಗಿಯಾಗಿ ಕೂರಿಸುವ ಕೌಶಲ, ಅದಕ್ಕೆ ಒಪ್ಪುವ ಕೊಳವೆಯನ್ನು ಕಟ್ಟುವ ಸಾಧನ ಎಲ್ಲ ಸದಸ್ಯರಿಗೂ ಇರಲಿಲ್ಲ. ಎಲ್ಲರೂ ಅದನ್ನು ಮಾಡಲೇಬೇಕಾಗಿ ಬಂದಿದ್ದರೆ ಅನೇಕರು ಗಾಡಿಯನ್ನು ಮಾರಿ ಮನೆಗೆ ಹೋಗುತ್ತಿದ್ದರು. ತೂಗಿ ನೋಡಿದರೆ ನಿಷೇಧವೇ ಸರಿಯೆಂದು ತೋರುತ್ತದೆ. ಅದರಿಂದ ಚಾಪ್ಮನ್ನನಿಗೆ ನಷ್ಟವೂ ಆಗಲಿಲ್ಲ. ತಮಗೂ ಅಂಥ ಕೊಳವೆ, ಅಂಥ ಭಾಗಗಳು ಬೇಕೆಂದು ಜನ ಅವನನ್ನು ಹುಡುಕಿಕೊಂಡು ಬರತೊಡಗಿದ್ದರು.

1952ರ ಜನವರಿ ಒಂದರಂದು ಅವನು ಲೋಟಸ್ ಎಂಜಿನಿಯರಿಂಗ್ ಕಂಪನಿಯನ್ನು ಆರಂಭಿಸಿದನು. ಅದರ ಕಾರ್ಯಸ್ಥಾನ ಹಾರ್ನ್ಸಿಯಲ್ಲಿ ಅವನ ತಂದೆ ನಡೆಸುತ್ತಿದ್ದ ರೈಲ್ವೇ ಹೋಟೆಲಿನ ಹಿಂದಿನ ಕುದುರೆಲಾಯ. ಮುಂದೆ 1963ರಲ್ಲಿಯೂ 1965ರಲ್ಲಿಯೂ ಜಿಮ್ ಕ್ಲಾರ್ಕನನ್ನು ಜಗತ್ತಿನ ಚಾಂಪಿಯನ್ನನಾಗಿ ಮಾಡಿದ ಗಾಡಿಗಳು ಇದೇ ಸಂಸ್ಥೆಯವು. ಆರಂಭದ ಬಂಡವಾಳ ಹೇಜಲ್ ಸಾಲವಾಗಿ ಕೊಟ್ಟ 25 ಪೌಂಡು.